ಗ್ರೋವ್ ಬೀದಿಯಿಂದ ಬೆಟ್ಟ ಹತ್ತಿದ ಕಾಲೇಜು

12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ನಮ್ಮಲ್ಲಿ ‘ಸಮುದಾಯ ಕಾಲೇಜು’ ಯೋಜನೆಯನ್ನು ಜಾರಿಗೆ ತಂದಿತು. ಹೆಸರು ಅಮೇರಿಕದಿಂದ ಬಂತು. ಆದರೆ ಇದ್ದ ಕಾಲೇಜಿನಲ್ಲೇ ಒಂದೆರಡು ಕೋಣೆ, ಉದ್ದಿಮೆಯೊಂದಿಗೆ ಒಪ್ಪಂದ, ಕೊನೆಗೊಂದು ಸರ್ಟಿಫಿಕೇಟು ಅಥವಾ ಡಿಪ್ಲೊಮಾ ಎಂದರೆ ಅದರಲ್ಲಿ ಸಮುದಾಯ ಎಲ್ಲಿದೆ? ಪದವಿ ಓದಲಾಗದ ಬಡವರ ಮಕ್ಕಳಿಗೆ ಕಸುಬು ಕಲಿಸಿ ಕಳಿಸುವ ಜಾಗವೇ ಸಮುದಾಯ ಕಾಲೇಜು, ಅಮೇರಿಕದಲ್ಲೂ ಹಾಗೆಯೇ ಎಂದು ವಾದಿಸುವವರಿದ್ದಾರೆ. ಅವರು ಹೇಳುವುದು ಅರ್ಧ ಕತೆ. ಉಳಿದರ್ಧ ಬೇಕಿದ್ದರೆ ಕ್ಯಾಲಿಫೋರ್ನಿಯಾದ ಪೆರಾಲ್ಟಾ ಸಮುದಾಯ ಕಾಲೇಜು ಜಿಲ್ಲೆಯ ಇತಿಹಾಸವನ್ನು ನೋಡಬೇಕು.

ಇಲ್ಲಿ ‘ಜಿಲ್ಲೆ’ ಎಂದರೆ ನಮ್ಮ ಡೀಸಿ ಕಚೇರಿಯ ಜಿಲ್ಲೆಯಲ್ಲ. ಕೆಲವು ಊರುಗಳ ಜನರು ಸೇರಿ ತಮ್ಮ ಕಾಲೇಜುಗಳಿಗಾಗಿಯೇ ಕಟ್ಟಿಕೊಂಡ ಒಂದು ಆಡಳಿತ ಘಟಕ. ಅದರ ಮಂಡಳಿಯನ್ನು ಆ ಊರಿನ ಮತದಾರರೇ ಆರಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಓಕ್ಲ್ಯಾಂಡ್, ಬರ್ಕ್ಲಿ, ಅಲಮೀಡಾ, ಆಲ್ಬನಿ, ಎಮರಿವಿಲ್, ಪೀಡ್ಮಾಂಟ್ ಎಂಬ ಆರು ನಗರಗಳು ಸೇರಿ 1964ರಲ್ಲಿ ಪೆರಾಲ್ಟಾ ಜಿಲ್ಲೆಯಾದವು. ಅದಕ್ಕೆ ಮೊದಲು ಇಲ್ಲಿನ ಕಾಲೇಜು ಓಕ್ಲ್ಯಾಂಡಿನ ಶಾಲಾ ಮಂಡಳಿಯ ಕೈಯಲ್ಲಿತ್ತು. ಪೆರಾಲ್ಟಾ ಎಂಬುದು 1820ರಲ್ಲಿ ಸ್ಪೇನಿನ ಆಡಳಿತದಿಂದ ಈ ನೆಲವನ್ನು ಇನಾಮಾಗಿ ಪಡೆದ ಸಿಪಾಯಿ ಲೂಯಿಸ್ ಮರಿಯಾ ಪೆರಾಲ್ಟಾನ ಹೆಸರು. ಅವನಿಗಿಂತ ಮೊದಲು ಸಾವಿರಾರು ವರ್ಷ ಅಲ್ಲಿ ಬಾಳಿದ ಒಹ್ಲೋನಿ ಜನರ ಹೆಸರು ಈ ಜಿಲ್ಲೆಗೆ ಬರಲಿಲ್ಲ. ಇನಾಮು ಪಡೆದವನ ಹೆಸರೇ ಉಳಿಯುವುದು ನಮಗೂ ಹೊಸತಲ್ಲ ಬಿಡಿ.

ಜಿಲ್ಲೆ ಹುಟ್ಟಿದಾಗ ಕ್ಯಾಲಿಫೋರ್ನಿಯಾದ ಇಂಥ ಕಾಲೇಜುಗಳಲ್ಲಿ ಶುಲ್ಕವೇ ಇರಲಿಲ್ಲ. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೊಂದು ಮಹಾಯೋಜನೆ ಮಾಡಿತ್ತು. ಅತಿ ಹೆಚ್ಚು ಅಂಕ ಪಡೆದ ಶೇ. 12.5 ಮಂದಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಕಲಿಯಬಲ್ಲ ಉಳಿದೆಲ್ಲರಿಗೂ ಜೂನಿಯರ್ ಕಾಲೇಜುಗಳು. ಮೇಲು ಕೀಳಿನ ಏಣಿ ಇದರಲ್ಲೂ ಇತ್ತು, ನಿಜ. ಆದರೆ ಕೆಳಗಿನ ಮೆಟ್ಟಿಲಿಗೆ ಬೀಗ ಇರಲಿಲ್ಲ. ಅಲ್ಲಿ ಎರಡು ವರ್ಷ ಓದಿದವನು ಮೇಲಿನ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ ಹೋಗಬಹುದಿತ್ತು.

ಬೀಗವಿಲ್ಲದ ಆ ಬಾಗಿಲಿನಿಂದ ಯಾರು ಒಳಗೆ ಬಂದರು? ಓಕ್ಲ್ಯಾಂಡಿನ ಗ್ರೋವ್ ಬೀದಿಯಲ್ಲಿ, ಹಳೆಯ ಹೈಸ್ಕೂಲೊಂದರ ಕಟ್ಟಡದಲ್ಲಿ ಮೆರಿಟ್ ಕಾಲೇಜು ನಡೆಯುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಕೆಲಸ ಹುಡುಕಿ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕರಿಯ ಕುಟುಂಬಗಳು ಓಕ್ಲ್ಯಾಂಡಿಗೆ ಬಂದಿದ್ದವು. ಟೆಕ್ಸಾಸಿನಲ್ಲಿ ಹುಟ್ಟಿದ ಬಾಬಿ ಸೀಲ್, ಲೂಸಿಯಾನಾದಲ್ಲಿ ಹುಟ್ಟಿದ ಹ್ಯೂಯಿ ನ್ಯೂಟನ್ ಇಬ್ಬರೂ ಅಂಥ ಕುಟುಂಬಗಳವರು. ಇಬ್ಬರ ಭೇಟಿಯಾದದ್ದು ಈ ಕಾಲೇಜಿನಲ್ಲಿ. ತಮ್ಮ ಜನರ ಚರಿತ್ರೆಯನ್ನು ಪಾಠ ಮಾಡಿ, ತಮ್ಮವರನ್ನು ಅಧ್ಯಾಪಕರನ್ನಾಗಿ ನೇಮಿಸಿ ಎಂದು ಅಲ್ಲಿನ ಕರಿಯ ವಿದ್ಯಾರ್ಥಿಗಳು ಪಟ್ಟು ಹಿಡಿದರು. 1966ರ ಅಕ್ಟೋಬರಿನಲ್ಲಿ ಇವರಿಬ್ಬರು ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಕಟ್ಟಿದರು. ಅವರ ಬಂದೂಕನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಹತ್ತು ಅಂಶಗಳ ಅವರ ಕಾರ್ಯಕ್ರಮದಲ್ಲಿ ನಿಜವಾದ ಚರಿತ್ರೆ ಕಲಿಸುವ ಶಿಕ್ಷಣದ ಬೇಡಿಕೆ ಇತ್ತು, 1969ರಿಂದ ಅವರು ಶಾಲಾಮಕ್ಕಳಿಗೆ ಉಚಿತ ಬೆಳಗಿನ ಉಪಾಹಾರ ಕೊಟ್ಟರು ಎಂಬುದನ್ನು ಮರೆಯಬಾರದು. ಕಸುಬು ಕಲಿಸಿ ಕಳಿಸುವ ಜಾಗದಲ್ಲಿ ಇಂಥ ಪ್ರಶ್ನೆಗಳು ಏಳುವುದಿಲ್ಲ. ಬಹುಶಃ ಏಳಬಾರದೆಂದೇ ಕಸುಬಿನ ಜಪ.

1971ರಲ್ಲಿ ಮೆರಿಟ್ ಕಾಲೇಜು ಗ್ರೋವ್ ಬೀದಿಯನ್ನು ಬಿಟ್ಟು ಓಕ್ಲ್ಯಾಂಡಿನ ಬೆಟ್ಟದ ಮೇಲಿನ ಹೊಸ ಆವರಣಕ್ಕೆ ಹೋಯಿತು. ಹಳೆಯ ಕಟ್ಟಡ ಇಕ್ಕಟ್ಟಾಗಿತ್ತು, ಹೊಸದು ಬೇಕಿತ್ತು ಎಂಬ ಸಮರ್ಥನೆ ಇದೆ. ಬಯಲಿನಲ್ಲೇ 1970ರಲ್ಲಿ ಲೇನಿ ಕಾಲೇಜಿಗೆ ಹೊಸ ಆವರಣ ಕಟ್ಟಲಿಲ್ಲವೇ ಎಂದೂ ಕೇಳಬಹುದು. ಕಟ್ಟಿದರು, ಸರಿ. ಆದರೆ ಗ್ರೋವ್ ಬೀದಿಯ ಹುಡುಗ ಮನೆಯಿಂದ ನಡೆದು ಹೋಗುತ್ತಿದ್ದ ಕಾಲೇಜು ಹೋಯಿತಲ್ಲ! ಕೆಲಸ ಮುಗಿಸಿ ಸಂಜೆ ತರಗತಿಗೆ ಬರುವ ತಾಯಿಗೆ ಬೆಟ್ಟ ಹತ್ತುವ ಬಸ್ಸಿನ ಸಮಯವೂ ಶುಲ್ಕವೇ. ಆಡಳಿತದವರ ಉದ್ದೇಶ ಏನೇ ಇರಲಿ, ಚಳವಳಿ ಎದ್ದ ಬೀದಿಯಿಂದ ಕಾಲೇಜು ದೂರವಾಯಿತು. ಬರ್ಕ್ಲಿಯವರ ಪಾಡು ಬೇರೆ. 1974ರಲ್ಲಿ ಹುಟ್ಟಿ ಮುಂದೆ ವಿಸ್ಟಾ ಎಂದು ಹೆಸರಾದ ಅವರ ಕಾಲೇಜಿಗೆ ಸ್ವಂತ ಆವರಣವೇ ಇರಲಿಲ್ಲ. ಜಿಲ್ಲೆಯಿಂದ ಬೇರೆಯಾಗುತ್ತೇವೆಂದು 1990ರ ದಶಕದಲ್ಲಿ ಜಗಳವಾಡಿದ ಮೇಲೆ, 2006ರಲ್ಲಿ ನಗರದ ನಡುವೆ ಕಟ್ಟಡ ಸಿಕ್ಕಿತು. ಆಗ ಅದು ಬರ್ಕ್ಲಿ ಸಿಟಿ ಕಾಲೇಜಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಮಾತ್ರ ಮತಪೆಟ್ಟಿಗೆಯಿಂದ. 1978ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೇ ಪ್ರಸ್ತಾಪವನ್ನು ಗೆಲ್ಲಿಸಿ ಆಸ್ತಿ ತೆರಿಗೆಯನ್ನು ಶೇಕಡಾ ಒಂದಕ್ಕೆ ಕಟ್ಟಿಹಾಕಿದರು. ಮನೆ ಇದ್ದವರಿಗೆ ಲಾಭವಾಯಿತು. ಊರಿನ ತೆರಿಗೆಯಿಂದ ನಡೆಯುತ್ತಿದ್ದ ಕಾಲೇಜುಗಳು ರಾಜಧಾನಿ ಸ್ಯಾಕ್ರಮೆಂಟೊದ ಮುಂದೆ ಕೈಯೊಡ್ಡಿದವು. 1984ರಲ್ಲಿ ಮೊದಲ ಬಾರಿಗೆ ರಾಜ್ಯದಾದ್ಯಂತ ಶುಲ್ಕ ಬಂತು: ಒಂದು ಯೂನಿಟ್ಟಿಗೆ 5 ಡಾಲರ್, ಸೆಮಿಸ್ಟರಿಗೆ 50ಕ್ಕಿಂತ ಹೆಚ್ಚಿಲ್ಲ. ಚಿಕ್ಕ ಮೊತ್ತವಲ್ಲವೇ ಎಂದರು. ಚಿಕ್ಕದು 2012ಕ್ಕೆ ಯೂನಿಟ್ಟಿಗೆ 46 ಆಯಿತು. ಅಂದರೆ 12 ಯೂನಿಟ್ ಓದುವವನಿಗೆ ಒಂದು ಸೆಮಿಸ್ಟರಿಗೆ 552 ಡಾಲರ್.

ಬಡವರಿಗೆ ವಿನಾಯಿತಿ ಇದೆಯಲ್ಲ? ಇದೆ, ತುಂಬಾ ಮಂದಿಗೆ ಸಿಗುತ್ತದೆ ಕೂಡ. ಆದರೆ ಮೊದಲು ಎಲ್ಲರೂ ಹಕ್ಕಿನಿಂದ ಒಳಬರುತ್ತಿದ್ದರು. ಈಗ ಬಡವನು ತಾನು ಬಡವನೆಂದು ಅರ್ಜಿ ತುಂಬಿ ರುಜುವಾತು ಮಾಡಬೇಕು. ಸ್ಕಾಲರ್‌ಶಿಪ್ಪಿಗಾಗಿ ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಅಲೆದವರಿಗೆ ಇವೆರಡರ ನಡುವಿನ ಅಂತರವನ್ನು ವಿವರಿಸಬೇಕಾಗಿಲ್ಲ. ಅಮೇರಿಕದಿಂದ ನಾವು ತರಬೇಕಿದ್ದುದು ಊರಿನವರೇ ಆರಿಸುವ ಮಂಡಳಿಯನ್ನು, ಶುಲ್ಕವಿಲ್ಲದ ಪ್ರವೇಶವನ್ನು, ವಿಶ್ವವಿದ್ಯಾನಿಲಯಕ್ಕೆ ಏರುವ ಮೆಟ್ಟಿಲನ್ನು. ತಂದದ್ದು ಬೋರ್ಡನ್ನು.

ಇಷ್ಟಾದರೂ ಪೆರಾಲ್ಟಾದ ಜನ ತಮ್ಮ ಹಿಡಿತವನ್ನು ಪೂರ್ತಿ ಬಿಟ್ಟಿಲ್ಲ. 2017ರ ಸೆಪ್ಟೆಂಬರಿನಲ್ಲಿ ಓಕ್ಲ್ಯಾಂಡ್ ಎ’ಸ್ ಎಂಬ ಬೇಸ್‌ಬಾಲ್ ತಂಡದ ಮಾಲಿಕರು ಲೇನಿ ಕಾಲೇಜಿನ ಪಕ್ಕದಲ್ಲಿ, ಜಿಲ್ಲೆಯ ಕಚೇರಿ ಇದ್ದ ಜಾಗದಲ್ಲೇ ಕ್ರೀಡಾಂಗಣ ಕಟ್ಟುತ್ತೇವೆಂದು ಪ್ರಕಟಿಸಿದರು. ಹಣ, ಉದ್ಯೋಗ, ಅಭಿವೃದ್ಧಿ ಎಂಬ ಎಂದಿನ ಮಾತುಗಳೂ ಬಂದವು. ವಿದ್ಯಾರ್ಥಿಗಳು, ಅಧ್ಯಾಪಕರು, ಪಕ್ಕದ ಚೈನಾಟೌನಿನ ನಿವಾಸಿಗಳು ವಿರೋಧಿಸಿದರು. ಪಂದ್ಯದ ದಿನ ತರಗತಿಗಳ ಗತಿಯೇನು, ಏರುವ ಬಾಡಿಗೆಯನ್ನು ಯಾರು ಕೊಡುತ್ತಾರೆ ಎಂದು ಕೇಳಿದರು. ಆ ವರ್ಷದ ಡಿಸೆಂಬರಿನಲ್ಲಿ, ಅದೇ ಜನರ ಓಟಿನಿಂದ ಬಂದಿದ್ದ ಮಂಡಳಿ ಮಾತುಕತೆಯನ್ನು ನಿಲ್ಲಿಸಿತು. 2024ರ ಸೀಸನ್ ಮುಗಿದ ಮೇಲೆ ತಂಡ ಓಕ್ಲ್ಯಾಂಡನ್ನೇ ಬಿಟ್ಟು ಹೋಯಿತು. ಲೇನಿ ಕಾಲೇಜು ಅಲ್ಲೇ ಇದೆ.