ಮಳೆ ಬಂದರೆ ಪ್ರವಾಸ ಹಾಳೇ?

ಆಗಸ್ಟ್ 15ರ ಲಾಂಗ್ ವೀಕೆಂಡ್‌ಗೆ ಗೆಳೆಯರ ಗುಂಪು ಕಟ್ಟಿಕೊಂಡು ಫುಕೆಟ್‌ಗೆ ಹೋಗಿ ಬಂದವರನ್ನು ‘ಹೇಗಿತ್ತು’ ಎಂದು ಕೇಳಿ ನೋಡಿ. ‘ಬರೀ ಮಳೆ ಮಾರಾಯ್ರೆ, ದುಡ್ಡೆಲ್ಲ ನೀರಿಗೆ ಹೋಯ್ತು’ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಆ ಬೇಸರ ಸುಳ್ಳಲ್ಲ. ವರ್ಷವಿಡೀ ರಜೆ ಕೂಡಿಸಿ, ಟಿಕೆಟ್ಟು ಹೋಟೆಲ್ಲು ಎಂದು ಉಳಿತಾಯ ಕರಗಿಸಿ ಹೋದವರು ಕಿಟಕಿಯಾಚೆ ಬೂದು ಬಣ್ಣದ ಕಡಲನ್ನೇ ನೋಡುತ್ತ ಕೂರಬೇಕಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಮಳೆಯಿಂದ ಪ್ರವಾಸ ಹಾಳಾಯಿತು ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಅಲ್ಲಿ ಕಡಲು ಕೈತಪ್ಪಿರಬಹುದು, ದ್ವೀಪ ಕೈತಪ್ಪಿಲ್ಲ. ಇವೆರಡೂ ಒಂದೇ ಎಂದು ನಮಗೆ ಪ್ಯಾಕೇಜ್ ಮಾರಿದವರು ನಂಬಿಸಿದ್ದಾರೆ, ನಾವೂ ಮರುಮಾತಿಲ್ಲದೆ ನಂಬಿದ್ದೇವೆ.

ಮೊದಲು ಲೆಕ್ಕ ನೇರ ಮಾಡಿಕೊಳ್ಳೋಣ. ಮಂಗಳೂರಿಗೆ ಮಳೆ ತರುವ ನೈಋತ್ಯ ಮಾರುತವೇ ಅಂಡಮಾನ್ ಸಮುದ್ರ ದಾಟಿ ಫುಕೆಟ್‌ನ ಪಶ್ಚಿಮ ತೀರಕ್ಕೂ ಬಡಿಯುತ್ತದೆ. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅದರ ಜೋರು. ನಮ್ಮ ಸಾಲು ರಜೆಗಳನ್ನು ನೋಡಿ: ಸ್ವಾತಂತ್ರ್ಯ ದಿನ, ಗಣೇಶನ ಹಬ್ಬ, ಗಾಂಧಿ ಜಯಂತಿ, ದಸರಾ. ಎಲ್ಲವೂ ಆ ಮಳೆಯ ಹೊಟ್ಟೆಯೊಳಗೇ ಬರುತ್ತವೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ಬೆಂಗಳೂರಿನಿಂದ ಅಲ್ಲಿಗೆ ಹೋಗುವುದು ಇನ್ನಷ್ಟು ಸಲೀಸಾಯಿತು. ನಮ್ಮ ಮಳೆಯಿಂದ ಹೊರಟು ಅದೇ ಮಳೆಯ ಇನ್ನೊಂದು ತುದಿಗೆ ಹೋಗುತ್ತಿದ್ದೇವೆ ಎಂಬುದು ಟಿಕೆಟ್ ಕಾಯ್ದಿರಿಸುವಾಗಲೇ ಗೊತ್ತಿರಬೇಕಾದ ಸಂಗತಿ. ಅಂದಹಾಗೆ ಫುಕೆಟ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಮಂಗಳೂರಿನ ಮಳೆಗಿಂತ ಸಾಕಷ್ಟು ಕಡಿಮೆ. ಕರಾವಳಿ, ಮಲೆನಾಡಿನ ಮಳೆ ಕಂಡವರು ಹೆದರುವಂಥದ್ದೇನೂ ಅಲ್ಲಿಲ್ಲ.

ಕಡಲಿನ ಮಾತು ಬೇರೆ. ಪಟಾಂಗ್, ಕರೋನ್, ಕಟಾ ಬೀಚುಗಳಲ್ಲಿ ಈ ತಿಂಗಳುಗಳಲ್ಲಿ ಕೆಂಪು ಬಾವುಟ ಹಾರಿದರೆ ಅದರ ಮುಂದೆ ವಾದವಿಲ್ಲ. ಅಲೆಗಳು ದಡಕ್ಕೆ ತಳ್ಳಿದ ನೀರೆಲ್ಲ ಕಿರಿದಾದ ದಾರಿ ಹಿಡಿದು ರಭಸದಿಂದ ಒಳಕ್ಕೆ ಮರಳುತ್ತದೆ. ಮೇಲಿಂದ ನೋಡಿದರೆ ಆ ಜಾಗವೇ ಶಾಂತವಾಗಿ ಕಾಣುತ್ತದೆ, ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ. 2018ರ ಜುಲೈ 5ರಂದು ಹವಾಮಾನ ಎಚ್ಚರಿಕೆ ಇದ್ದರೂ ಕಡಲಿಗಿಳಿದಿದ್ದ ‘ಫೀನಿಕ್ಸ್’ ಎಂಬ ಪ್ರವಾಸಿ ದೋಣಿ ಫುಕೆಟ್ ಬಳಿ ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ‘ಇಷ್ಟು ದೂರ ಬಂದಿದ್ದೇವೆ, ಫಿ ಫಿ ದ್ವೀಪ ನೋಡದೆ ಹೋಗುವುದೇ’ ಎಂದು ಯಾರಾದರೂ ಹಟ ಹಿಡಿದಾಗ ನನಗೆ ಆ ಸಂಖ್ಯೆ ನೆನಪಾಗುತ್ತದೆ. ನಮ್ಮ ಗುಂಪಿನಲ್ಲೂ ಅಂಥ ಹಟ ಎದ್ದಿತ್ತು. ‘ಸ್ಪೀಡ್ ಬೋಟ್‌ನವರೇ ಹೋಗೋಣ ಅಂತಾರಲ್ಲ, ನಿಮಗೇನು ಭಯ’ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಈಗಲೂ ಬದಲಾಗಿಲ್ಲ. ದೋಣಿಯವನಿಗೆ ಆ ದಿನದ ದುಡಿಮೆ ಬೇಕು, ನಮಗೆ ಕೊಟ್ಟ ಹಣ ವಸೂಲಾಗಬೇಕು. ಇಬ್ಬರ ಅಗತ್ಯವೂ ಒಂದೇ ಕಡೆ ಎಳೆಯುವಾಗ ಬೇಡ ಎನ್ನಲು ಮೂರನೆಯವರು ಇರಲೇಬೇಕು. ಬಾವುಟ ಇರುವುದು ಅದಕ್ಕೆ.

ಈ ತಿಳಿವಳಿಕೆ ನಮಗೆ ಹೊಸದಲ್ಲ ಎಂಬುದೇ ನನ್ನ ಬಲವಾದ ವಾದ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸುವ ಮೊಗವೀರರು ತಲೆಮಾರುಗಳಿಂದ ಈ ಬಿಡುವನ್ನು ಪಾಲಿಸಿದ್ದಾರೆ. ಥಾಯ್ಲೆಂಡಿನವರು ತಡವಾಗಿಯಾದರೂ ಅಲ್ಲಿಗೇ ಬಂದರು. ಸಿಮಿಲನ್ ದ್ವೀಪಗಳು ಪ್ರತಿ ವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ಸಿನಿಮಾದಿಂದ ಹೆಸರಾದ ಮಾಯಾ ಬೇಯಂತೂ ಜನಜಂಗುಳಿಗೆ ಹವಳವನ್ನೇ ಕಳೆದುಕೊಂಡು 2018ರ ಜೂನ್‌ನಲ್ಲಿ ಮುಚ್ಚಿತು, ತೆರೆದದ್ದು 2022ರ ಜನವರಿಯಲ್ಲಿ. ಆ ಬಿಡುವಿನಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಕೊಲ್ಲಿಗೆ ಮರಳಿದವು. ಈಗಲೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಿಶ್ರಾಂತಿ. ನಮ್ಮ ರಜೆಯ ದಿನವೇ ಕಡಲಿನ ರಜೆಯೂ ಆಗಿದ್ದರೆ ಅದನ್ನು ನಷ್ಟದ ಬಾಬಿಗೆ ಬರೆಯುವುದು ಸರಿಯಲ್ಲ.

ಉಳಿದದ್ದು ನೆಲ. ಮಳೆಯಲ್ಲಿ ಫುಕೆಟ್‌ನ ಹಳೆ ಪೇಟೆಗೆ ಹೋದವರಿಗೆ ಈ ಊರು ಮಳೆಗಾಗಿಯೇ ಕಟ್ಟಿದ್ದು ಎಂಬುದು ತಾನಾಗಿ ಕಾಣುತ್ತದೆ. ತಲಾಂಗ್ ರಸ್ತೆಯ ಅಂಗಡಿಮನೆಗಳ ಮುಂದೆ, ಮೇಲಂತಸ್ತಿನ ಅಡಿಯಲ್ಲಿ, ಕಮಾನಿನ ನಡೆದಾರಿ ಒಂದಕ್ಕೊಂದು ಕೂಡಿಕೊಂಡಿದೆ. ಸುರಿಯುವ ಮಳೆಯಲ್ಲೂ ಬಹಳ ದೂರ ನೆನೆಯದೆ ನಡೆಯಬಹುದು. ಒಳಗೆ ಹೋದರೆ ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಮಳೆ ನೇರ ಅಲ್ಲಿಗೇ ಬೀಳುತ್ತದೆ, ಗಾಳಿ ಬೆಳಕು ಅಲ್ಲಿಂದಲೇ ಬರುತ್ತವೆ. ನಮ್ಮ ತೊಟ್ಟಿಮನೆ ಬಲ್ಲವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಬಿಸಿಲಿನಲ್ಲಿ ಬಂದವರು ಈ ಮನೆಗಳ ಬಣ್ಣದ ಗೋಡೆ ನೋಡಿ ಫೋಟೊ ತೆಗೆದು ಹೋಗುತ್ತಾರೆ. ಕಟ್ಟಿದವರ ಬುದ್ಧಿವಂತಿಕೆ ಅರ್ಥವಾಗಬೇಕಾದರೆ ಸೂರಿನಿಂದ ನೀರು ಸುರಿಯುತ್ತಿರಬೇಕು.

ಆ ಮನೆಗಳನ್ನು ಕಟ್ಟಿಸಿದ ಹಣವೂ ಒಂದರ್ಥದಲ್ಲಿ ಮಳೆಯದೇ. ಫುಕೆಟ್‌ನ ಸಿರಿ ತವರ. ಗ್ರಾನೈಟ್ ಬೆಟ್ಟಗಳು ಯುಗಯುಗಗಳ ಮಳೆಗೆ ಸವೆದು, ಅವುಗಳೊಳಗಿನ ತವರದ ಅದಿರು ಕೊಚ್ಚಿಕೊಂಡು ಬಂದು ಕಣಿವೆಗಳಲ್ಲಿ, ಕಡಲತಳದಲ್ಲಿ ಶೇಖರವಾಯಿತು. ಅದನ್ನು ತೋಡಲು 19ನೇ ಶತಮಾನದಲ್ಲಿ ಹೊಕ್ಕಿಯೆನ್ ಚೀನಿಯರು ದಂಡುಗಟ್ಟಿ ಬಂದರು. 1907ರಲ್ಲಿ ಎಡ್ವರ್ಡ್ ಮೈಲ್ಸ್ ಎಂಬ ಆಸ್ಟ್ರೇಲಿಯನ್ ಕ್ಯಾಪ್ಟನ್ ಟೊಂಗ್ಕಾ ಕೊಲ್ಲಿಯಲ್ಲಿ ಕಡಲತಳದಿಂದ ಅದಿರು ಎತ್ತುವ ಡ್ರೆಜ್ ಯಂತ್ರ ಇಳಿಸಿದ. 1985ರಲ್ಲಿ ಜಾಗತಿಕ ತವರದ ಬೆಲೆ ಕುಸಿಯಿತು. ಮರುವರ್ಷ ಜೂನ್‌ನಲ್ಲಿ, ತವರದ ಕಿಟ್ಟದಿಂದ ಟ್ಯಾಂಟಲಮ್ ತೆಗೆಯಲು ಕಟ್ಟಿದ್ದ ಕಾರ್ಖಾನೆಯನ್ನು, ಊರು ವಿಷವಾಗುತ್ತದೆ ಎಂಬ ಭಯದಿಂದ ಜನರೇ ಸುಟ್ಟರು. ಪ್ರವಾಸೋದ್ಯಮ ಈ ದ್ವೀಪವನ್ನು ಪೂರ್ತಿಯಾಗಿ ಹಿಡಿದದ್ದು ಆಮೇಲೆ. ಬೀಚಿನ ಫುಕೆಟ್‌ಗೆ ಹೆಚ್ಚೆಂದರೆ ನಮ್ಮ ವಯಸ್ಸು. ಕಥೂವಿನ ಗಣಿ ಮ್ಯೂಸಿಯಂನಲ್ಲಿ ಒಂದು ಮಳೆಯ ಮಧ್ಯಾಹ್ನ ಕಳೆದವರಿಗೆ ದ್ವೀಪದ ಅದಕ್ಕಿಂತ ಹಿಂದಿನ ಬದುಕೂ ಸಿಗುತ್ತದೆ.

ಮಳೆಯಿಂದ ನಿಜವಾಗಿ ಕಳೆದುಕೊಳ್ಳುವವರೂ ಇದ್ದಾರೆ. ದ್ವೀಪದ ಒಳಭಾಗದಲ್ಲಿ ಇನ್ನೂ ರಬ್ಬರ್ ತೋಟಗಳಿವೆ. ತೊಗಟೆ ಒದ್ದೆಯಾದರೆ ಹಾಲು ಬಟ್ಟಲಿಗೆ ಇಳಿಯದೆ ಮರದ ಮೇಲೆಲ್ಲ ಹರಡಿ ಹಾಳಾಗುತ್ತದೆ, ಹೀಗಾಗಿ ಮಳೆ ಬಂದ ರಾತ್ರಿ ಟ್ಯಾಪಿಂಗ್ ಇಲ್ಲ, ಕೂಲಿಯೂ ಇಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಮರಕ್ಕೆ ಪ್ಲಾಸ್ಟಿಕ್ಕಿನ ರೈನ್ ಗಾರ್ಡ್ ಕಟ್ಟುವುದು ಅದಕ್ಕಾಗಿಯೇ. ಒಂದು ವಾರಾಂತ್ಯದ ಬಿಸಿಲು ತಪ್ಪಿದ ನಾವು ಆ ಟ್ಯಾಪರ್ ಎದುರು ‘ಮಳೆಯಿಂದ ನಷ್ಟವಾಯ್ತು’ ಎಂದು ಹೇಳಬಲ್ಲೆವೇ?

ಮಳೆಯನ್ನು ಕಾವ್ಯ ಮಾಡಿ ಮಾರುವವರ ಜೊತೆಗೂ ನಾನಿಲ್ಲ. ‘ಮಾನ್ಸೂನ್ ಮ್ಯಾಜಿಕ್’ ಎಂದು ಬಾಲ್ಕನಿಯ ಚಿತ್ರ ತೋರಿಸುವ ಜಾಹೀರಾತು 2024ರ ಆಗಸ್ಟ್‌ನ ಕರೋನ್ ಪ್ರದೇಶವನ್ನು ತೋರಿಸುವುದಿಲ್ಲ. ಅಂದು ಗುಡ್ಡ ಜರಿದು 13 ಜನ ಸತ್ತರು. ಮ್ಯಾನ್ಮಾರ್‌ನಿಂದ ದುಡಿಯಲು ಬಂದವರೂ ಅವರಲ್ಲಿದ್ದರು. ಶಿರೂರಿನ ಗುಡ್ಡ ಕುಸಿದು ತಿಂಗಳ ಮೇಲೆ ಕೆಲವೇ ದಿನ ಕಳೆದಿದ್ದವು, ಸುದ್ದಿ ಓದಿದಾಗ ದೂರದ್ದು ಎನಿಸಲೇ ಇಲ್ಲ. ಮಳೆಗಾಲದಲ್ಲಿ ಹೋಗುವವರು ಕಡಲಿನ ಬಾವುಟವನ್ನು ನೋಡುವಂತೆಯೇ ತಮ್ಮ ಹೋಟೆಲ್ ಯಾವ ಇಳಿಜಾರಿನ ಕೆಳಗಿದೆ ಎಂದೂ ನೋಡಬೇಕು.

ಸಸ್ಯಾಹಾರಿ ಗೆಳೆಯರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಫುಕೆಟ್‌ನ ಅತಿ ದೊಡ್ಡ ಹಬ್ಬ ಬರುವುದು ಮಳೆಗಾಲದ ಕೊನೆಯಲ್ಲಿ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಎಷ್ಟೋ ವರ್ಷ ನಮ್ಮ ನವರಾತ್ರಿಯ ದಿನಗಳೇ. 1825ರಲ್ಲಿ ಕಥೂವಿಗೆ ಬಂದ ಚೀನೀ ನಾಟಕ ಮಂಡಳಿಯವರು ಕಾಯಿಲೆ ಬಿದ್ದು, ಮಾಂಸ ಬಿಟ್ಟು ವ್ರತ ಹಿಡಿದು ಗುಣವಾದರು ಎಂಬುದು ಅದರ ಕಥೆ. ಆ ಒಂಬತ್ತು ದಿನ ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲೆಲ್ಲ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಡಿಸೆಂಬರ್‌ನ ಬಿಸಿಲಿನಲ್ಲಿ ಬಂದು ‘ಇಲ್ಲಿ ತಿನ್ನೋಕೆ ಏನೂ ಸಿಗಲ್ಲ’ ಎಂದು ಎಂಟಿಆರ್ ಪೊಟ್ಟಣ ಬಿಚ್ಚುವವರಿಗೆ ಇದು ತಿಳಿಯುವ ಅವಕಾಶವೇ ಇಲ್ಲ. ದೇವರು ಮೈಮೇಲೆ ಬಂದವರು ಕೆನ್ನೆಗೆ ಸರಳು ಚುಚ್ಚಿಕೊಂಡು ಬರುವ ಮೆರವಣಿಗೆ ಮಾತ್ರ ಎಲ್ಲರಿಗೂ ಸಹಿಸಲಾಗದು, ಮಕ್ಕಳಿದ್ದರೆ ಮೊದಲೇ ಯೋಚಿಸಿ.

ಹೀಗಾಗಿ ನನ್ನ ತಕರಾರು ಮಳೆಯ ಮೇಲಲ್ಲ, ಆಗಸ್ಟ್ ತಿಂಗಳಿಗೆ ಜನವರಿಯ ಪ್ಯಾಕೇಜ್ ಮಾರುವ ಪದ್ಧತಿಯ ಮೇಲೆ. ಎರಡು ದ್ವೀಪ ಸುತ್ತು, ಒಂದು ಸ್ನಾರ್ಕ್ಲಿಂಗ್, ನಡುವೆ ಶಾಪಿಂಗ್ ಎಂಬ ಅದೇ ಪಟ್ಟಿಯನ್ನು ಮಳೆಗಾಲಕ್ಕೂ ಹಿಡಿಸಿದರೆ ಬೇಸರವೂ ಅಪಾಯವೂ ಖಚಿತ. ಬೆಂಗಳೂರಿನ ಏಜೆಂಟರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ದೋಣಿಯನ್ನು ಪ್ಯಾಕೇಜ್‌ನಿಂದಲೇ ತೆಗೆದುಹಾಕಲಿ. ಕಡಲು ಶಾಂತವಿದ್ದು ಬಾವುಟ ಒಪ್ಪಿದರೆ ಅಲ್ಲೇ, ಆ ದಿನವೇ ಟಿಕೆಟ್ ಕೊಳ್ಳುವಂತಿರಲಿ. ಮುಂಗಡ ಕಟ್ಟಿದವರಿದ್ದರೆ ಪ್ರಯಾಣ ರದ್ದಾದಾಗ ಪೂರ್ತಿ ಹಣ ವಾಪಸ್ ಎಂದು ರಸೀದಿಯಲ್ಲೇ ಬರೆದಿರಲಿ. ಹಣ ಮುಳುಗುವ ಭಯ ಇಲ್ಲದಿದ್ದರೆ ಗೆಳೆಯರ ಗುಂಪಿನಲ್ಲಿ ‘ಹೋಗೇ ಬಿಡೋಣ’ ಎನ್ನುವ ದನಿಯೂ ಇಷ್ಟು ಜೋರಾಗಿ ಏಳುವುದಿಲ್ಲ.