ತಾಯಿಗೆ ಬಂದ ಕ್ಯಾನ್ಸರ್ ಮಗಳ ರಕ್ತದಲ್ಲಿ ಕೂತಿಲ್ಲ

ನಮ್ಮ ಪಕ್ಕದ ಊರಲ್ಲಿ ಒಂದು ಮದುವೆ ಮಾತುಕತೆ ನಿಶ್ಚಿತಾರ್ಥದವರೆಗೆ ಬಂದು ಮುರಿದುಬಿತ್ತು. ಹುಡುಗಿ ಓದಿದವಳು. ಜಾತಕ ಕೂಡಿತ್ತು. ಅಷ್ಟರಲ್ಲಿ ಯಾರೋ ಗಂಡಿನ ಕಡೆಯವರ ಕಿವಿಗೆ ಹಾಕಿದರು: ಹುಡುಗಿಯ ತಾಯಿ ತೀರಿಕೊಂಡದ್ದು ಗರ್ಭಕಂಠದ ಕ್ಯಾನ್ಸರಿನಿಂದ. "ರಕ್ತದಲ್ಲೇ ಬರೋ ಕಾಯಿಲೆ, ನಾಳೆ ಇವಳಿಗೂ ಬಂದ್ರೆ ಏನ್ ಗತಿ?" ಅಂದರು ಹಿರಿಯರು. ಹಿಂದೆ ನಿಂತವರು ಸತ್ತುಹೋದ ಆ ತಾಯಿಯ ನಡತೆಯ ಬಗ್ಗೆಯೂ ಒಂದು ಮಾತು ಸೇರಿಸಿದರು. ಅದನ್ನು ನಾವು ಇಲ್ಲಿ ಬರೆಯುವುದಿಲ್ಲ.

ಎರಡೂ ಮಾತು ತಪ್ಪು. ಈ ತಪ್ಪು ಮಾತುಗಳಿಂದ ಒಂದು ಮದುವೆ ಮುರಿದದ್ದಷ್ಟೇ ಅಲ್ಲ, ಹೆಂಗಸರು ಪರೀಕ್ಷೆಗೇ ಹೋಗುತ್ತಿಲ್ಲ. ವಂಶದ ಕಾಯಿಲೆ ಅಂದುಕೊಂಡವರು "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲವಲ್ಲ" ಅಂತ ನಿಶ್ಚಿಂತರಾಗಿರುತ್ತಾರೆ. ನಡತೆಯ ಕಾಯಿಲೆ ಅಂದುಕೊಂಡವರು ಮರ್ಯಾದೆಗೆ ಹೆದರಿ ಬಾಯಿ ಬಿಡುವುದಿಲ್ಲ.

ಹಾಗಾದರೆ ಇದು ಬರುವುದು ಎಲ್ಲಿಂದ? ಎಚ್‌ಪಿವಿ ಎಂಬ ವೈರಸ್ಸಿನಿಂದ. 1983ರಲ್ಲಿ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕಂಠದ ಗಡ್ಡೆಗಳಲ್ಲಿ ಈ ವೈರಸ್ಸಿನ 16ನೇ ಬಗೆಯನ್ನು ಕಂಡುಹಿಡಿಯಿತು, ಮರುವರ್ಷ 18ನೇ ಬಗೆಯನ್ನು. ಅವರಿಗೆ 2008ರಲ್ಲಿ ನೊಬೆಲ್ ಬಂತು. ಜಗತ್ತಿನಲ್ಲಿ ಬರುವ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು 70 ಭಾಗಕ್ಕೆ ಈ ಎರಡೇ ಬಗೆ ಕಾರಣ. ಉಳಿದವುಗಳಲ್ಲೂ ಬಹುತೇಕ ಎಲ್ಲದಕ್ಕೂ ಇದೇ ವೈರಸ್ಸಿನ ಬೇರೆ ಬಗೆಗಳೇ ಕಾರಣ.

ವೈರಸ್ ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರ ಮೈ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ ಬಿಡದೆ ಉಳಿಯುತ್ತದೆ. ಹಾಗೆ ಉಳಿದಾಗ ವೈರಸ್ಸಿನ ವಂಶವಾಹಿ ನಮ್ಮ ಜೀವಕೋಶದ ವಂಶವಾಹಿಯೊಳಗೇ ಸೇರಿಕೊಳ್ಳಬಹುದು. ನಮ್ಮ ಜೀವಕೋಶ ಮಿತಿಮೀರಿ ಬೆಳೆಯದಂತೆ ಕಾಯುವ ಪ್ರೋಟೀನುಗಳಿವೆ. ಅವುಗಳಲ್ಲಿ ಪಿ53 ಎಂಬುದನ್ನು ವೈರಸ್ಸಿನ ಇ6 ಎಂಬ ಪ್ರೋಟೀನು ಹಾಳುಮಾಡುತ್ತದೆ, ಆರ್‌ಬಿ ಎಂಬುದನ್ನು ಇ7 ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕಾವಲು ಹೋದ ಮೇಲೆ ಕೋಶಗಳು ಹೇಳಿದ ಮಾತು ಕೇಳುವುದಿಲ್ಲ. ಇ7 ಹೀಗೆ ಕೆಲಸ ಮಾಡಿದ ಕಡೆ ಪಿ16 ಎಂಬ ಇನ್ನೊಂದು ಪ್ರೋಟೀನು ಜಾಸ್ತಿ ಸೇರುತ್ತದೆ. ಲ್ಯಾಬಿನಲ್ಲಿ ಬಣ್ಣ ಹಾಕಿ ಈ ಗುರುತನ್ನು ನೋಡುತ್ತಾರೆ. ವೈರಸ್ ತಗಲಿ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ಕಾಲ ನಮ್ಮ ಕೈಯಲ್ಲಿರುತ್ತದೆ.

ವಂಶದ ಪಾಲು ಏನೂ ಇಲ್ಲವೇ? ಸ್ವಲ್ಪ ಇದೆ. ವೈರಸ್ಸನ್ನು ಗುರುತಿಸಲು ಮೈಗೆ ನೆರವಾಗುವ ಎಚ್‌ಎಲ್‌ಎ ವಂಶವಾಹಿಗಳು ಒಬ್ಬರಿಂದ ಒಬ್ಬರಿಗೆ ಬೇರೆ. ಹಾಗಾಗಿ ಕೆಲವರ ಮೈ ವೈರಸ್ಸನ್ನು ಬೇಗ ಓಡಿಸುತ್ತದೆ, ಕೆಲವರದು ಇಲ್ಲ. ಆದರೆ ವೈರಸ್ಸೇ ಇಲ್ಲದಿದ್ದರೆ ಈ ವ್ಯತ್ಯಾಸದಿಂದ ಆಗುವುದೇನೂ ಇಲ್ಲ. ಸ್ತನ ಕ್ಯಾನ್ಸರಿನಲ್ಲಿ ಬಿಆರ್‌ಸಿಎ ಎಂಬ ಕೆಟ್ಟ ವಂಶವಾಹಿ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ, ಅದು ನಿಜ. ಇದು ಆ ಥರದ್ದಲ್ಲ.

ಇನ್ನು ನಡತೆಯ ಮಾತು. ಈ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ, ಅದನ್ನು ಮುಚ್ಚಿಡುವುದು ಬೇಡ. ಆದರೆ ಇದು ಎಷ್ಟು ಸಾಮಾನ್ಯ ಎಂದರೆ, ಸಂಸಾರಸ್ಥರಲ್ಲಿ ಬಹಳ ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲಿರುತ್ತದೆ. ಗಂಡನೊಬ್ಬನನ್ನು ಬಿಟ್ಟು ಬೇರೆ ಗೊತ್ತಿಲ್ಲದ ಹೆಂಗಸಿಗೂ ಬರುತ್ತದೆ, ಗಂಡನಿಂದಲೇ. ಆ ಗಂಡನ ನಡತೆಯ ಬಗ್ಗೆ ಮಾತ್ರ ಮದುವೆ ಮಾತುಕತೆಯಲ್ಲಿ ಯಾರೂ ವಿಚಾರಿಸಿದ್ದನ್ನು ನಾವು ಕಂಡಿಲ್ಲ.

ಈಗ ಬೀದರ್, ಕಲಬುರಗಿಯ ಗಡಿ ದಾಟಿ ಆಚೆ ಹೋಗೋಣ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. 1999ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. 30ರಿಂದ 59 ವರ್ಷದ 1,31,746 ಹೆಂಗಸರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಒಂದೇ ಸಲ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರಿನಂಥ ದ್ರಾವಣ ಹಚ್ಚಿ ಕಣ್ಣಲ್ಲಿ ನೋಡುವ ಪರೀಕ್ಷೆ, ಕೊನೆಯ ಗುಂಪಿಗೆ ಯಾವುದೂ ಇಲ್ಲ. ಎಂಟು ವರ್ಷದಲ್ಲಿ, ಪರೀಕ್ಷೆ ಇಲ್ಲದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 64. ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ 34. ಉಳಿದ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವಷ್ಟು ಇಳಿಕೆ ಕಾಣಲಿಲ್ಲ. 2009ರಲ್ಲಿ ಫಲಿತಾಂಶ ಹೊರಬಂತು. ಹೋಲಿಕೆಗೆಂದು ಒಂದು ಗುಂಪನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂಬ ತಕರಾರು ಆಮೇಲೆ ಎದ್ದಿತು. ನಮಗೂ ಆ ತಕರಾರು ನ್ಯಾಯ ಅನಿಸುತ್ತದೆ. ಅಷ್ಟು ಬೆಲೆ ತೆತ್ತು ಕಲಿತ ಪಾಠವನ್ನು ಅಂಥದೇ ಹಳ್ಳಿಗಳಲ್ಲಿ ಬಳಸದೆ ಇಟ್ಟಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಬಳಸಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಪರೀಕ್ಷೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇಲ್ಲ. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 2016ರಲ್ಲೇ ಹೇಳಿದೆ. ಅದೂ ವಿನೆಗರ್ ಪರೀಕ್ಷೆ. ಮುಂಬೈಯಲ್ಲಿ ಅದನ್ನೇ ಎರಡು ವರ್ಷಕ್ಕೊಮ್ಮೆ ತಪ್ಪದೆ ಮಾಡಿದಾಗ ಸಾವು ಕಡಿಮೆಯಾಯಿತು. ಹಾಗೆ ತಪ್ಪದೆ ಮಾಡುವ ವ್ಯವಸ್ಥೆ ನಮ್ಮ ಪಿಎಚ್‌ಸಿಗಳಲ್ಲಿ ಎಲ್ಲಿದೆ?

ಪರೀಕ್ಷೆ ಇಲ್ಲದ ಕಡೆ ಹೆದರಿಕೆ ವ್ಯಾಪಾರವಾಗುತ್ತದೆ. ಬಿಳಿಸೆರಗು, ಹೊಟ್ಟೆನೋವು ಅಂತ ಹೋದವರಿಗೆ "ಕ್ಯಾನ್ಸರ್ ಆಗಬಹುದು" ಎಂದು ಹೇಳಿ ಗರ್ಭಕೋಶವನ್ನೇ ತೆಗೆದ ದೂರುಗಳು ಕಲಬುರಗಿ ಕಡೆಯ ತಾಂಡಾಗಳಿಂದ ಬಂದು ವಿಚಾರಣೆಯೂ ನಡೆದಿತ್ತು. ನೆನಪಿಡಿ, ಎಚ್‌ಪಿವಿ ಇದೆ ಎಂದು ಬಂದರೂ ಅದು ಕ್ಯಾನ್ಸರ್ ಅಲ್ಲ. ಇನ್ನೊಮ್ಮೆ ಸರಿಯಾಗಿ ನೋಡಬೇಕು ಅಂತ ಅರ್ಥ. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡರೆ ಅಷ್ಟು ಜಾಗವನ್ನು ಮಾತ್ರ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯುವ ಚಿಕಿತ್ಸೆ ಇದೆ. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಕಾಯಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ.

ಲಸಿಕೆ ಇದೆ, 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಿದರೆ ಹೆಚ್ಚು ಫಲ. ಆದರೆ ಈಗಾಗಲೇ ಇರುವ ಸೋಂಕನ್ನು ಅದು ತೆಗೆಯುವುದಿಲ್ಲ. ಮಗಳಿಗೆ ಲಸಿಕೆ ಹಾಕಿಸುವ ಅಮ್ಮನಿಗೆ ಪರೀಕ್ಷೆಯೇ ದಾರಿ.

ನಾಚಿಕೆಯ ತೊಂದರೆಗೂ ಉಪಾಯ ಬಂದಿದೆ. ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಹೆಂಗಸು ತಾನೇ ಪರದೆ ಹಿಂದೆ ಒಂದು ಸಣ್ಣ ಬ್ರಶ್ಶಿನಿಂದ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದೆ. ಡಾಕ್ಟರ ಮುಂದೆ ಮಲಗಬೇಕಾಗಿಲ್ಲ. ಆಶಾ ಅಕ್ಕಂದಿರು ಮನೆಮನೆಗೆ ಬರುತ್ತಾರೆ, ಅವರ ಕೈಗೆ ಕಿಟ್ ಕೊಡಬೇಕಾದದ್ದು ಸರ್ಕಾರ.

ಮಕ್ಕಳ ಲಸಿಕೆಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿದ್ದಾರೆ, ಊರಿಗೆಲ್ಲ ಗೊತ್ತು. 30 ದಾಟಿದ ಹೆಂಗಸರ ಪರೀಕ್ಷೆಗೆ ತಿಂಗಳಲ್ಲಿ ಒಂದು ದಿನ, ಒಬ್ಬ ಸಿಸ್ಟರ್, ಒಂದು ಬಾಗಿಲಿರುವ ಕೋಣೆ. ಮುಂದಿನ ಗ್ರಾಮಸಭೆಯಲ್ಲಿ ನಾವು ನಮ್ಮ ನಮ್ಮ ಊರಲ್ಲಿ ಇದನ್ನು ಬರೆದು ಕೊಡುತ್ತಿದ್ದೇವೆ. ನಿಮ್ಮ ಊರಲ್ಲಿ ನೀವೂ ಕೊಡಿ, ಸಹಿ ಹಾಕುವವರಲ್ಲಿ ಗಂಡಸರೂ ಇರಲಿ.