525 ಪಟ್ಟು ಯಾರಿಗೆ ಬೇಕು?

ಟೆಲಿಸ್ಕೋಪ್ ಕೊಳ್ಳೋಕೆ ಹೋದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ?" ಮಾರುವವನಿಗೆ ಈ ಪ್ರಶ್ನೆ ಅಂದ್ರೆ ಬಲು ಇಷ್ಟ. ಡಬ್ಬಿ ತಿರುಗಿಸಿ ತೋರಿಸ್ತಾನೆ: 525 ಪಟ್ಟು. ಪಕ್ಕದಲ್ಲೇ ಯಾವುದೋ ನೀಹಾರಿಕೆಯ ಬಣ್ಣಬಣ್ಣದ ಚಿತ್ರ. ಆ ಚಿತ್ರ ಈ ಟೆಲಿಸ್ಕೋಪಿನಲ್ಲಿ ತೆಗೆದದ್ದಲ್ಲ ಅನ್ನೋದು ಬೇರೆ ಮಾತು. ಶಾಲೆಯವರು, ದಾನಿಗಳು, ಮಗನ ಹುಟ್ಟುಹಬ್ಬಕ್ಕೆ ಅಂತ ಬಂದ ಅಪ್ಪಂದಿರು, ಎಲ್ಲರೂ ಆ ಅಂಕಿಗೇ ದುಡ್ಡು ಕೊಟ್ಟು ಬರ್ತಾರೆ. ಇದು ನಿಲ್ಲಬೇಕು. ಶಾಲೆಗಳ ಮಟ್ಟಿಗಂತೂ ನಾಳೆಯೇ ನಿಲ್ಲಬೇಕು.

ನಮ್ಮ ಕಂಪಲಾಪುರದವರಿಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಗೇ ಇರಲಿಲ್ಲ. ಊರಲ್ಲೇ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇದೆ. ಬೇಲ್ ಮೇಲಿನ ಚೀಟಿ ಏನೇ ಹೇಳಲಿ, ಸೊಪ್ಪಿನ ಬಣ್ಣ ನೋಡದೆ, ಕೈಯಲ್ಲಿ ಮುಟ್ಟಿ ನೋಡದೆ ಯಾರೂ ರೇಟ್ ಹಾಕಲ್ಲ. ಅಂಥ ಊರಿನ ಜನ ಮಕ್ಕಳ ಸ್ಕೂಲಿಗೆ ಟೆಲಿಸ್ಕೋಪ್ ಕೊಡಿಸುವಾಗ ಮಾತ್ರ ಚೀಟಿ ಓದಿಕೊಂಡು ಬರ್ತಾರೆ.

ಆ 525 ಎಲ್ಲಿಂದ ಬಂತು ನೋಡಿ. ಲೆಕ್ಕ ಏಳನೇ ಕ್ಲಾಸಿನದ್ದು. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತೆ. ಪೇಟೆಯಲ್ಲಿ ಹೆಚ್ಚಾಗಿ ಸಿಗೋದು 76 ಮಿಲಿಮೀಟರ್ ಅಗಲದ ಕನ್ನಡಿ, 700 ಮಿಲಿಮೀಟರ್ ಸಂಗಮದೂರ ಇರುವ ಕೊಳವೆ. ಅದರ ಜೊತೆ ಬರುವ 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು. 4 ಮಿ.ಮೀ. ಹಾಕಿದರೆ 175. ಅದರ ಹಿಂದೆ ಮೂರು ಪಟ್ಟಿನ ಬಾರ್ಲೋ ಲೆನ್ಸ್ ಸಿಕ್ಕಿಸಿದರೆ, 175ನ್ನು 3ರಿಂದ ಗುಣಿಸಿ, 525! ಗುಣಾಕಾರದಲ್ಲಿ ತಪ್ಪಿಲ್ಲ. ಇದೇ ಲೆಕ್ಕದಲ್ಲಿ ಇನ್ನೊಂದು ಬಾರ್ಲೋ ಸಿಕ್ಕಿಸಿ 1575 ಅಂತಲೂ ಬರೆಯಬಹುದು. ಡಬ್ಬಿ ಮೇಲೆ ಜಾಗ ಇದ್ದರಾಯ್ತು.

ಆದರೆ ಬೆಳಕು ಗುಣಾಕಾರಕ್ಕೆ ಹೆಚ್ಚೋದಿಲ್ಲವಲ್ಲ. 76 ಮಿ.ಮೀ. ಕನ್ನಡಿ ಹಿಡಿದಷ್ಟೇ ಬೆಳಕು. 35ರಿಂದ 525ಕ್ಕೆ ಹೋದರೆ ಬಿಂಬ ಅಗಲದಲ್ಲಿ 15 ಪಟ್ಟು, ಉದ್ದದಲ್ಲಿ 15 ಪಟ್ಟು ಹಿಗ್ಗುತ್ತೆ. ಅಂದರೆ ಅದೇ ಬೆಳಕನ್ನು 225 ಪಾಲು ಜಾಗಕ್ಕೆ ಹರಡಿದ ಹಾಗೆ. ಒಂದು ಲೋಟ ಮಜ್ಜಿಗೆಗೆ ಕೊಡಗಟ್ಟಲೆ ನೀರು ಸುರಿದು ಊರಿಗೆಲ್ಲ ಬಡಿಸಿದ ಕಥೆ. ಜೊತೆಗೆ ಬೆಳಕಿನ ಸ್ವಭಾವವೇ ಹಾಕಿರುವ ಮಿತಿ ಒಂದಿದೆ: ಕನ್ನಡಿ ಎಷ್ಟು ಮಿಲಿಮೀಟರ್ ಅಗಲವೋ ಅದರ ಎರಡರಷ್ಟು ಪಟ್ಟಿನ ಆಚೆ ಹೊಸ ವಿವರ ಏನೂ ಸಿಗೋದಿಲ್ಲ. 76ಕ್ಕೆ ಸುಮಾರು 150. ಅದೂ ಗಾಳಿ ಅಲುಗದೆ ನಿಂತ ರಾತ್ರಿ. ಮೊಬೈಲಿನಲ್ಲಿ ಫೋಟೋವನ್ನು ಎರಡು ಬೆರಳಲ್ಲಿ ಎಳೆದೂ ಎಳೆದೂ ನೋಡ್ತೀರಲ್ಲ, ಒಂದು ಹಂತ ದಾಟಿದ ಮೇಲೆ ಬರೀ ಚೌಕಗಳು ಕಾಣ್ತವೆ, ಮುಖ ಕಾಣಲ್ಲ. ಇದೂ ಹಾಗೇ.

ನಮ್ಮ ಕಡೆ ಗಾಳಿಯ ಕಥೆ ಬೇರೆಯೇ ಹೇಳಬೇಕು. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಹೊಲ ಹೊಲಕ್ಕೂ ಬ್ಯಾರನ್ ಉರೀತಾ ಇರುತ್ತೆ. ಮೋಡ ಬಿಟ್ಟ ಅಪರೂಪದ ರಾತ್ರಿ ಒಂದು ಬ್ಯಾರನ್ ಮೇಲಿಂದ ಗುರುಗ್ರಹ ನೋಡಿ, ಬಿಸಿನೀರಿನ ಹಂಡೆಯೊಳಗೆ ಬಿದ್ದ ನಾಲ್ಕಾಣೆ ಥರ ಕುಣೀತಾ ಇರುತ್ತೆ. 35 ಪಟ್ಟಿನಲ್ಲಿ ಆ ಕುಣಿತ ಅಷ್ಟಾಗಿ ತಿಳಿಯಲ್ಲ. 175ರಲ್ಲಿ ಗ್ರಹದ ಅಂಚೇ ಸಿಗಲ್ಲ. ಹಗಲಿಡೀ ಕಾದ ತಾರಸಿ, ಡಾಂಬರು ರಸ್ತೆ, ಇವುಗಳ ಮೇಲಿಂದ ನೋಡಿದರೂ ಇದೇ ಪಾಡು.

ಇನ್ನೊಂದು ವಿಷಯ, ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಭೂಮಿ ತಿರುಗ್ತಾ ಇದೆ. ಐಪೀಸಿನ ನೋಟ 40 ಡಿಗ್ರಿ ಅಗಲದ್ದು ಅಂತಿಟ್ಟುಕೊಳ್ಳಿ. 525 ಪಟ್ಟಿನಲ್ಲಿ ಆಕಾಶದ ಎಷ್ಟು ಭಾಗ ಕಾಣುತ್ತೆ ಗೊತ್ತಾ? ಹುಣ್ಣಿಮೆ ಚಂದ್ರನ ಅಗಲದಲ್ಲಿ ಆರನೇ ಒಂದು ಪಾಲೂ ಇಲ್ಲ. ಗ್ರಹ ಈ ಅಂಚಿಂದ ಆ ಅಂಚಿಗೆ ದಾಟೋಕೆ 18 ಸೆಕೆಂಡ್. 35 ಪಟ್ಟಿನಲ್ಲಾದರೆ ಎರಡು ಚಂದ್ರರು ಹಿಡಿಸುವಷ್ಟು ಜಾಗ, ನಾಲ್ಕೂವರೆ ನಿಮಿಷದ ಕಾಲಾವಕಾಶ.

ಈಗ ಶಾಲೆಯ ಅಂಗಳಕ್ಕೆ ಬನ್ನಿ. ನೂರು ಮಕ್ಕಳ ಸಾಲು. ಮೇಷ್ಟ್ರು ಕಷ್ಟಪಟ್ಟು ಶನಿಯನ್ನು ಹಿಡಿದು ನಿಲ್ಲಿಸಿದ್ದಾರೆ. 4 ಮಿ.ಮೀ. ಐಪೀಸಿನ ಗಾಜು ಗುಂಡುಸೂಜಿ ತಲೆಯಷ್ಟು, ಕಣ್ಣುರೆಪ್ಪೆ ಗಾಜಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಕನ್ನಡಕದ ಮಗುವಿಗೆ ಅದೂ ಆಗಲ್ಲ. ಮಗು ಕಣ್ಣಿಟ್ಟು ಜಾಗ ಹುಡುಕುವಷ್ಟರಲ್ಲಿ, ಮೂಗು ಕೊಳವೆಗೆ ತಾಗಿ ಸ್ಟ್ಯಾಂಡ್ ಅಲ್ಲಾಡಿ, ಶನಿ ಹೊರಗೆ. "ಕಂಡ್ತೇನಪ್ಪ?" ಅಂತಾರೆ ಮೇಷ್ಟ್ರು. ಹಿಂದೆ 99 ಜನ ನೂಕ್ತಾ ಇದ್ದಾರೆ. ಮಗು ಅನ್ನುತ್ತೆ: "ಕಂಡ್ತು ಸಾ."

ಈ "ಕಂಡ್ತು ಸಾ" ಅನ್ನೋದನ್ನ ನಾನು ಹುಣಸೂರು, ಪಿರಿಯಾಪಟ್ಟಣದ ಕಡೆ ಎಷ್ಟು ಅಂಗಳಗಳಲ್ಲಿ ಕೇಳಿದ್ದೀನೋ ಲೆಕ್ಕವಿಲ್ಲ. ವಿಜ್ಞಾನ ಕಲಿಸ್ತೀವಿ ಅಂತ ಕರೆದುಕೊಂಡು ಬಂದು, ಕಾಣದ್ದನ್ನು ಕಂಡೆ ಅನ್ನೋಕೆ ಕಲಿಸಿ ಕಳಿಸ್ತಾ ಇದ್ದೀವಿ. ಮಂಜು ಮಂಜಾದ ಒಂದು ಚುಕ್ಕೆ ನೋಡಿ ಸುಮ್ಮನಾದ ಮಗು ತನ್ನ ಕಣ್ಣೇ ಸರಿಯಿಲ್ಲ ಅಂದುಕೊಳ್ಳುತ್ತೆ, ಐಪೀಸ್ ಸರಿಯಿಲ್ಲ ಅಂತ ಅಲ್ಲ. ಒಂದು ಶಾಲೆಯಲ್ಲಂತೂ ಟೆಲಿಸ್ಕೋಪ್ ಎರಡು ವರ್ಷದಿಂದ ಬೀರುವಿನಲ್ಲಿದೆ. "ಪವರ್ ಸಾಲ್ದು ಸಾರ್, ದೊಡ್ಡದು ತರಿಸ್ಬೇಕು" ಅಂದರು. 20 ಮಿ.ಮೀ. ಐಪೀಸಿನ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ!

ಕಡಿಮೆ ಪಟ್ಟಿನಲ್ಲಿ ಏನು ಮಹಾ ಕಾಣುತ್ತೆ ಅಂತ ಮೂಗು ಮುರಿಯೋರಿಗೆ: 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ. ಅದರ ಗಾಜು ನಿಮ್ಮ ಡಬ್ಬಿಯ ಗಾಜಿಗಿಂತ ಕಳಪೆ. 2020ರ ಡಿಸೆಂಬರ್ 21ರ ಸಂಜೆ ನೆನಪಿದೆಯಾ? ಗುರು, ಶನಿ 1623ರ ನಂತರ ಮೊದಲ ಸಲ ಅಷ್ಟು ಹತ್ತಿರ ಬಂದಿದ್ದವು, ಚಂದ್ರನ ಅಗಲದ ಐದನೇ ಒಂದು ಪಾಲು ಅಂತರ. 35 ಪಟ್ಟಿನಲ್ಲಿ ಗುರು, ಅದರ ಉಪಗ್ರಹಗಳು, ಶನಿ, ಅದರ ಬಳೆ ಎಲ್ಲ ಒಂದೇ ನೋಟಕ್ಕೆ ಸಿಗುವಂತಿತ್ತು. 525 ಪಟ್ಟಿನವರಿಗೆ ಎರಡು ಗ್ರಹ ಒಟ್ಟಿಗೆ ಹಿಡಿಸ್ತಲೇ ಇರಲಿಲ್ಲ.

ಹೆಚ್ಚು ಪಟ್ಟು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಜೋಡಿ ನಕ್ಷತ್ರ ಬಿಡಿಸೋಕೆ, ಗುರುವಿನ ಪಟ್ಟೆಗಳನ್ನು ನಿಧಾನಕ್ಕೆ ನೋಡೋಕೆ ಬೇಕು. 150 ಮಿ.ಮೀ. ಕನ್ನಡಿ ಇದ್ದವರು ಒಳ್ಳೆ ರಾತ್ರಿ 200 ದಾಟಿ ಹೋಗಲಿ. ಆದರೆ ಮೊದಲು 20ರಲ್ಲಿ ಹುಡುಕಿ, ನಡುವೆ ನಿಲ್ಲಿಸಿ, ಆಮೇಲೆ 10ಕ್ಕೆ ಬದಲಾಯಿಸೋದು ಕ್ರಮ. 10ರಲ್ಲಿ ಬಿಂಬ ಮಸುಕಾದರೆ ವಾಪಸ್ 20ಕ್ಕೆ ಬರೋದಕ್ಕೆ ನಾಚಿಕೆ ಬೇಡ.

ಕೊಳ್ಳುವವರಿಗೆ ನನ್ನ ಮಾತು ಇದು. ಕೊಟೇಶನ್ ಕರೆಯುವಾಗ "ಎಷ್ಟು ಪಟ್ಟು" ಅನ್ನೋ ಸಾಲನ್ನೇ ಹೊಡೆದುಹಾಕಿ. ಕನ್ನಡಿಯ ಅಗಲ ಎಷ್ಟು, ಸ್ಟ್ಯಾಂಡ್ ಅಲ್ಲಾಡುತ್ತಾ, ಐಪೀಸ್ ಯಾವ ಜಾತಿ ಅಂತ ಕೇಳಿ. ಐಪೀಸ್ ಮೇಲೆ "ಎಚ್" ಅಂತಿದ್ದರೆ ಹೈಗನ್ಸ್, "ಎಸ್‌ಆರ್" ಅಂತಿದ್ದರೆ ರಾಮ್ಸ್‌ಡೆನ್. ಎರಡೂ ಹಳೇ ಕಾಲದ ಎರಡು ಗಾಜಿನ ಮಾದರಿಗಳು, ತಯಾರಿಸೋಕೆ ಅಗ್ಗ, ಅದಕ್ಕೇ ಡಬ್ಬಿಯಲ್ಲಿ ತುಂಬ್ತಾರೆ. "ಪ್ಲೋಸಲ್" ಅಂತಿದ್ದರೆ ಧೈರ್ಯವಾಗಿ ತಗೊಳ್ಳಿ. 1860ರಲ್ಲಿ ವಿಯೆನ್ನಾದ ಪ್ಲೋಸಲ್ ಮಾಡಿದ ನಾಲ್ಕು ಗಾಜಿನ ವಿನ್ಯಾಸ ಅದು, ನೋಟ ಸುಮಾರು 50 ಡಿಗ್ರಿ. 25 ಮಿ.ಮೀ. ಒಂದು, 10 ಮಿ.ಮೀ. ಒಂದು, ಎರಡೇ ಸಾಕು. 700ರ ಕೊಳವೆಗೆ 28 ಪಟ್ಟು ಮತ್ತು 70 ಪಟ್ಟು. ಕೊಳ್ಳುವ ಮುಂಚೆ ಐಪೀಸ್ ಕೂರುವ ತೂತು ಒಂದೂಕಾಲು ಇಂಚಿನದ್ದಾ ಅಂತ ನೋಡಿ. ಕೆಲವು ಅಗ್ಗದ ಕೊಳವೆಗಳಲ್ಲಿ ಇನ್ನೂ ಸಣ್ಣ ತೂತು ಇರುತ್ತೆ, ಅದಕ್ಕೆ ಒಳ್ಳೆ ಐಪೀಸ್ ಸಿಗೋದು ಕಷ್ಟ.

ಈಗಾಗಲೇ ಡಬ್ಬಿ ಕೊಂಡು ಬೀರುವಿನಲ್ಲಿಟ್ಟವರು ಏನೂ ಕೊಳ್ಳಬೇಕಾಗಿಲ್ಲ. ಮಳೆ ಮುಗಿದು ಬ್ಯಾರನ್‌ಗಳು ತಣ್ಣಗಾದ ಮೇಲೆ ಟೆಲಿಸ್ಕೋಪನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು ಕೊಳವೆ ಆರಲು ಬಿಡಿ. ಬಾರ್ಲೋವನ್ನೂ 4 ಮಿ.ಮೀ.ಯನ್ನೂ ಬೀರುವಿನಲ್ಲೇ ಬಿಟ್ಟು ಬೀಗ ಹಾಕಿ. 20 ಮಿ.ಮೀ. ಹಾಕಿ ಚಂದ್ರನ ಕಡೆ ತಿರುಗಿಸಿ, ಸಾಲಿನಲ್ಲಿ ಮೊದಲು ನಿಂತ ಮಗುವಿಗೆ "ಕಂಡ್ತಾ" ಅಂತ ಕೇಳಬೇಡಿ, "ಏನ್ ಕಾಣ್ತಿದೆ ಹೇಳು" ಅಂತ ಕೇಳಿ.